ಸಕ್ಕರೆ ಡಾಕ್ಟರಾಗಲು ಎಷ್ಟು ವರ್ಷ?

ಈ ವಾರ ಒಂದು ಪತ್ರದಿಂದಲೇ ಆರಂಭಿಸುತ್ತೇನೆ. ಚಿತ್ರದುರ್ಗ ಜಿಲ್ಲೆಯ ಒಂದು ಊರಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ತಂದೆಯೊಬ್ಬರು ಬರೆದದ್ದು. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ.

“ಮೇಷ್ಟ್ರಿಗೆ ನಮಸ್ಕಾರಗಳು. ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಡಾಕ್ಟರಾಗಬೇಕು ಅನ್ನುತ್ತಾಳೆ, ಅದೂ ಸಕ್ಕರೆ ಕಾಯಿಲೆಯ ಡಾಕ್ಟರೇ ಆಗಬೇಕಂತೆ. ಮೂರು ವರ್ಷದ ಹಿಂದೆ ನನ್ನ ಮಗನಿಗೆ ಈ ಕಾಯಿಲೆ ಬಂತು. ಆಗ ಅವನಿಗೆ ಒಂಬತ್ತು ವರ್ಷ. ದಿನಕ್ಕೆ ನಾಲ್ಕು ಸಲ ಅವನಿಗೆ ಇನ್ಸುಲಿನ್ ಚುಚ್ಚುವವಳು ಇವಳೇ. ಅವಳ ಆಸೆಗೆ ಅಡ್ಡ ಬರುವ ಮನಸ್ಸು ನನಗಿಲ್ಲ. ಆದರೆ ಯಾರೋ ಹನ್ನೆರಡು ವರ್ಷ ಓದಬೇಕು ಅಂದರು. ಅಷ್ಟು ವರ್ಷ ಓದಿಸುವ ಶಕ್ತಿ ನನಗೆಲ್ಲಿದೆ? ಓದು ಮುಗಿಯುವ ಹೊತ್ತಿಗೆ ಅವಳಿಗೆ ಮೂವತ್ತಾಗುತ್ತದೆ. ನೀವು ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ.”

ಹೂಂ ಅಥವಾ ಬೇಡ ಎನ್ನುವ ಅಧಿಕಾರ ನನಗಿಲ್ಲ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು, ಡಾಕ್ಟರಲ್ಲ. ಆದರೆ ಈ ದಾರಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳಬಲ್ಲೆ. ಇದೇ ಪ್ರಶ್ನೆ ಇರುವ ಮನೆಗಳು ಇನ್ನೂ ಬಹಳ ಇರಬೇಕು. ಹಾಗಾಗಿ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಪತ್ರದಲ್ಲಿ ಫೋನ್ ನಂಬರ್ ಇತ್ತು, ಮಾತನಾಡಿದೆ. ಮಗನ ಕಾಯಿಲೆ ಗೊತ್ತಾದದ್ದು ಹೇಗೆ ಎಂದು ಕೇಳಿದೆ. ಹುಡುಗ ಒಂದು ತಿಂಗಳಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದನಂತೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದವನು ಮತ್ತೆ ಶುರು ಮಾಡಿದ್ದ. ಚೆನ್ನಾಗಿ ಉಣ್ಣುತ್ತಿದ್ದರೂ ಅಂಗಿ ಸಡಿಲವಾಗುತ್ತಿತ್ತು. “ನಾನೇ ಹೊಲಿದ ಅಂಗಿ ಮೇಷ್ಟ್ರೇ, ಅಳತೆ ನನಗೆ ಗೊತ್ತಿಲ್ಲವೇ?” ಎಂದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಜಂತುಹುಳು ಎಂದು ಔಷಧಿ ಕೊಟ್ಟರು. ಮೂರನೆಯ ದಿನ ವಾಂತಿ, ಹೊಟ್ಟೆನೋವು, ಏದುಸಿರು. ಬಾಡಿಗೆ ಕಾರು ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ರಾತ್ರಿ ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರೊಬ್ಬರು ಹುಡುಗನ ಉಸಿರಿನ ವಾಸನೆಯಿಂದಲೇ ಅನುಮಾನಪಟ್ಟು, ಮೊದಲು ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಹುಡುಗ ಉಳಿದ. ಅವನ ಅಕ್ಕ ವಾರ್ಡಿನ ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

ಮಕ್ಕಳಲ್ಲಿ ಸಾಮಾನ್ಯವಾಗಿ ಬರುವ ಈ ಬಗೆಯನ್ನು ಟೈಪ್ 1 ಮಧುಮೇಹ ಎನ್ನುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶ ಮಾಡುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನು ದೇಹ ಬಳಸಿಕೊಳ್ಳಲಾರದು. ಆಗ ಅದು ಕೊಬ್ಬನ್ನು ಕರಗಿಸತೊಡಗುತ್ತದೆ, ಕೀಟೋನು ಎಂಬ ಆಮ್ಲಗಳು ರಕ್ತದಲ್ಲಿ ಸೇರಿಕೊಳ್ಳುತ್ತವೆ. ಉಸಿರಿಗೆ ಕೊಳೆತ ಹಣ್ಣಿನಂಥ ವಾಸನೆ ಬರುವುದು ಅದರಿಂದ. ಹೊರಗಿನಿಂದ ಇನ್ಸುಲಿನ್ ಕೊಡುವುದೊಂದೇ ದಾರಿ, ಅದೂ ಜೀವನಪರ್ಯಂತ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 2. ಅಲ್ಲಿ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ, ಕ್ರಮೇಣ ಇನ್ಸುಲಿನ್ ಉತ್ಪತ್ತಿಯೂ ಕುಗ್ಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತಿರುವವರು 13.6 ಕೋಟಿ. ಆದ್ದರಿಂದ ಈ ಹುಡುಗಿ ಡಾಕ್ಟರಾದ ಮೇಲೆ ಕೆಲಸವಿಲ್ಲದೆ ಕೂರುವ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿಗೆ ತಲುಪುವುದು ಹೇಗೆ ಎಂಬುದೇ ಪ್ರಶ್ನೆ.

ಮೂರು ಮೆಟ್ಟಿಲು

ಈ ತಜ್ಞರ ಪೂರ್ತಿ ಹೆಸರು ಎಂಡೋಕ್ರೈನಾಲಜಿಸ್ಟ್. ಕನ್ನಡದಲ್ಲಿ ನಿರ್ನಾಳ ಗ್ರಂಥಿಗಳ ತಜ್ಞರು ಎನ್ನಬಹುದು. ನಾಳವಿಲ್ಲದೆ ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಬಿಡುವ ಗ್ರಂಥಿಗಳು ಇವು. ಆ ರಸಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಇನ್ಸುಲಿನ್ ಕೂಡ ಒಂದು ಹಾರ್ಮೋನು. ಹಾಗಾಗಿ ಮಧುಮೇಹ ಈ ಶಾಸ್ತ್ರದ ಒಳಗೆ ಬರುತ್ತದೆ.

ಮೊದಲ ಮೆಟ್ಟಿಲು ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಒಟ್ಟು ಐದೂವರೆ ವರ್ಷ. 1994ರಿಂದ ಬಹಳ ವರ್ಷ ನಮ್ಮ ರಾಜ್ಯದ ಮಕ್ಕಳು ಸಿ.ಇ.ಟಿ. ಬರೆದು ಈ ಸೀಟು ಪಡೆಯುತ್ತಿದ್ದರು. ಈಗ ವೈದ್ಯಕೀಯಕ್ಕೆ ನೀಟ್ ಬರೆಯಲೇಬೇಕು. ಅದರ 720 ಅಂಕಗಳಲ್ಲಿ ಅರ್ಧ ಜೀವಶಾಸ್ತ್ರಕ್ಕೆ, ಉಳಿದರ್ಧ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಸಮನಾಗಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ರಾಜ್ಯದ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮಾಡುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಅಲ್ಲಿ ಪ್ರತ್ಯೇಕ ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯಿಂದ ಈಗಲೇ ಬರೆಸಿಟ್ಟುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಹೆಡ್‌ಮಾಸ್ಟರ ಸಹಿಗಾಗಿ ಅಲೆದಾಡಿದ ಎಷ್ಟೋ ತಂದೆ ತಾಯಿಯರನ್ನು ನಾನು ಕಂಡಿದ್ದೇನೆ.

ಎರಡನೆಯ ಮೆಟ್ಟಿಲು ಎಂ.ಡಿ., ಮೂರು ವರ್ಷ. ಇದಕ್ಕೆ ಇನ್ನೊಂದು ಪ್ರವೇಶ ಪರೀಕ್ಷೆ, ನೀಟ್ ಪಿ.ಜಿ. ಹಾರ್ಮೋನು ತಜ್ಞರಾಗಬೇಕೆಂದವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಜನರಲ್ ಮೆಡಿಸಿನ್. ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿ ಮಕ್ಕಳ ಹಾರ್ಮೋನು ತೊಂದರೆಗಳಲ್ಲೇ ಪರಿಣತಿ ಪಡೆಯುವವರೂ ಉಂಟು. ಈ ಮೂರು ವರ್ಷ ಪುಸ್ತಕಕ್ಕಿಂತ ವಾರ್ಡಿನ ಓದೇ ಹೆಚ್ಚು. ಹಗಲು ರಾತ್ರಿ ಡ್ಯೂಟಿ, ಹೃದಯಾಘಾತದಿಂದ ಹಾವಿನ ಕಡಿತದವರೆಗೆ ಬರುವ ಎಲ್ಲ ರೋಗಿಗಳು, ಜೊತೆಗೆ ಒಂದು ಪ್ರಬಂಧ. ಆ ರಾತ್ರಿ ಹುಡುಗನ ಉಸಿರಿನ ವಾಸನೆ ಹಿಡಿದ ಕಿರಿಯ ಡಾಕ್ಟರು ಬಹುಶಃ ಈ ಮೆಟ್ಟಿಲಿನ ಮೇಲಿದ್ದವರೇ.

ಮೂರನೆಯದು ಡಿ.ಎಂ. ಎಂಡೋಕ್ರೈನಾಲಜಿ, ಮತ್ತೆ ಮೂರು ವರ್ಷ. ಇದಕ್ಕೆ ನೀಟ್ ಎಸ್.ಎಸ್. ಎಂಬ ಪರೀಕ್ಷೆ. ದೆಹಲಿಯ ಏಮ್ಸ್, ಚಂಡೀಗಢದ ಪಿ.ಜಿ.ಐ. ಮುಂತಾದ ರಾಷ್ಟ್ರೀಯ ಸಂಸ್ಥೆಗಳಿಗೆ ಪ್ರತ್ಯೇಕ ಪರೀಕ್ಷೆ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಈ ವಿಭಾಗ ಬಹಳ ಹೆಸರುವಾಸಿ. ನಮ್ಮ ಬೆಂಗಳೂರಿನಲ್ಲೂ ಸೇಂಟ್ ಜಾನ್ಸ್, ಎಂ.ಎಸ್. ರಾಮಯ್ಯ ಕಾಲೇಜುಗಳಲ್ಲಿ ಈ ಕೋರ್ಸ್ ಇದೆ. ಡಿ.ಎಂ.ಗೆ ಸಮನಾದ ಡಿಆರ್‌ಎನ್‌ಬಿ ಎಂಬ ಪದವಿಯೂ ಇದೆ, ಅದನ್ನು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುತ್ತದೆ.

ಐದೂವರೆ, ಮೂರು, ಮತ್ತೆ ಮೂರು ಸೇರಿಸಿ ಹನ್ನೊಂದೂವರೆ. ನಡುವೆ ಪ್ರವೇಶ ಪರೀಕ್ಷೆಗೆ ಕುಳಿತು ಓದುವ ತಿಂಗಳುಗಳಿವೆ. ಸರ್ಕಾರದ ನಿಯಮದಂತೆ ಕಡ್ಡಾಯ ಸೇವೆಯೂ ಬರಬಹುದು. ಬಾಂಡಿನ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಸೇರುವ ವರ್ಷದ ನಿಯಮವನ್ನು ಓದಿಯೇ ಸಹಿ ಹಾಕಬೇಕು. ಒಟ್ಟಿನಲ್ಲಿ ನಿಮಗೆ ಹನ್ನೆರಡು ವರ್ಷ ಎಂದವರು ಸುಳ್ಳು ಹೇಳಿಲ್ಲ. ಅದಕ್ಕಿಂತ ಸ್ವಲ್ಪ ಹೆಚ್ಚೇ ಎಂದುಕೊಳ್ಳಿ.

ಆದರೆ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಇಂಟರ್ನ್‌ಶಿಪ್‌ನಲ್ಲಿ, ಎಂ.ಡಿ.ಯಲ್ಲಿ, ಡಿ.ಎಂ.ನಲ್ಲಿ ಸ್ಟೈಪೆಂಡ್ ಬರುತ್ತದೆ. ಸರ್ಕಾರಿ ಸೀಟಿನಲ್ಲಿ ಓದುವವರು ತಂದೆಯ ಕಿಸೆಯನ್ನೇ ನೆಚ್ಚಿಕೊಂಡಿರಬೇಕಾದದ್ದು ಮೊದಲ ನಾಲ್ಕೂವರೆ ವರ್ಷ ಮಾತ್ರ. ಎಂ.ಬಿ.ಬಿ.ಎಸ್. ಮುಗಿಸಿ ನೋಂದಣಿಯಾದವರು ಡಾಕ್ಟರೇ, ಅಲ್ಲಿಂದಲೇ ದುಡಿಯಬಹುದು. ಎರಡು ವರ್ಷ ಕೆಲಸ ಮಾಡಿ, ಮನೆಗೊಂದಿಷ್ಟು ಆಸರೆಯಾಗಿ, ಮತ್ತೆ ಪರೀಕ್ಷೆ ಬರೆದು ಎಂ.ಡಿ. ಸೇರಿದವರಿದ್ದಾರೆ. ಹನ್ನೆರಡು ವರ್ಷವನ್ನು ಒಂದೇ ಹೊರೆಯಾಗಿ ನೋಡಬೇಡಿ. ಒಂದೊಂದು ಮೆಟ್ಟಿಲಲ್ಲೂ ನಿಲ್ಲಲು ಜಾಗವಿದೆ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬೇರೆ. ಮನೆ, ಅಂಗಡಿ ಅಡವಿಟ್ಟು ಆ ಸೀಟು ಹಿಡಿಯಿರಿ ಎಂದು ನಾನಂತೂ ಹೇಳಲಾರೆ.

ಸಕ್ಕರೆಗೆ ಇಷ್ಟು ಓದು ಯಾಕೆ?

ಸಕ್ಕರೆ ನೋಡಿ ಮಾತ್ರೆ ಬರೆದುಕೊಡಲು ಇಷ್ಟು ಓದು ಯಾಕೆ ಎಂದು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಟೈಪ್ 2 ಮಧುಮೇಹದ ಬಹುಪಾಲು ರೋಗಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿರುವವರು ಎಂ.ಬಿ.ಬಿ.ಎಸ್. ಮತ್ತು ಎಂ.ಡಿ. ಓದಿದ ವೈದ್ಯರೇ. ಹತ್ತು ಕೋಟಿ ಜನ ಡಿ.ಎಂ. ಪದವೀಧರರನ್ನೇ ಹುಡುಕಿಕೊಂಡು ಹೋಗುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಹೆಚ್ಚಿನ ಓದು ಬೇಕಾಗುವುದು ಲೆಕ್ಕ ತಪ್ಪಿದ ಕಡೆ. ಮಗುವಿಗೆ ಬಂದ ಮಧುಮೇಹ, ಬಸುರಿಯ ಮಧುಮೇಹ, ಎಷ್ಟು ಔಷಧಿ ಕೊಟ್ಟರೂ ಹತೋಟಿಗೆ ಬಾರದ ಮಧುಮೇಹ, ಇಂಥವು.

ಒಂದು ಉದಾಹರಣೆ ಕೊಡುತ್ತೇನೆ. ನಡುವಯಸ್ಸಿನ ಒಬ್ಬರಿಗೆ ಸಕ್ಕರೆ ಏರಿದೆ. ಜೊತೆಗೆ, ಮದುವೆಯಲ್ಲಿ ಹಾಕಿದ ಉಂಗುರ ಬೆರಳಿಗೆ ಹಿಡಿಯುತ್ತಿಲ್ಲ, ಚಪ್ಪಲಿಯ ಅಳತೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯಾಗಿ ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸುರಿದರೆ ಹೀಗಾಗುತ್ತದೆ. ಸಕ್ಕರೆ ಏರಿದ್ದಕ್ಕೂ ಅದೇ ಕಾರಣವಾಗಿರಬಹುದು. ಬರೀ ಸಕ್ಕರೆಯ ಮಾತ್ರೆ ಕೊಡುತ್ತ ಹೋದರೆ ಮೂಲ ಹಾಗೇ ಉಳಿಯುತ್ತದೆ. ಅಡ್ರಿನಲ್ ಗ್ರಂಥಿ ಕೆರಳಿದರೂ ಸಕ್ಕರೆ ಏರಬಹುದು. ಅದಕ್ಕೇ ಮಧುಮೇಹದ ತಜ್ಞೆಯಾಗಬೇಕೆಂದು ಹೊರಟವಳು ಥೈರಾಯಿಡ್, ಮೂಳೆಯ ಸುಣ್ಣದಂಶ, ಎತ್ತರ ಬೆಳೆಯದ ಮಕ್ಕಳು, ತೀರ ಬೇಗ ಅಥವಾ ತೀರ ತಡವಾಗಿ ಪ್ರಾಯಕ್ಕೆ ಬರುವ ಮಕ್ಕಳು, ಎಲ್ಲವನ್ನೂ ಓದಬೇಕು. ಬರೀ ಸಕ್ಕರೆ ಸಾಕು ಎನ್ನುವಂತಿಲ್ಲ.

ಇಲ್ಲೇ ಪೋಷಕರಿಗೆ, ರೋಗಿಗಳಿಗೆ ಇಬ್ಬರಿಗೂ ಉಪಯೋಗವಾಗುವ ಒಂದು ಮಾತು. ನಿವೃತ್ತನಾದ ವರ್ಷ ನನಗೂ ಸಕ್ಕರೆ ಕಾಣಿಸಿಕೊಂಡಿತು. ‘ಶುಗರ್ ಸ್ಪೆಷಲಿಸ್ಟ್’ ಎಂಬ ದೊಡ್ಡ ಬೋರ್ಡು ನೋಡಿ ಒಳಗೆ ಹೋದೆ. ಹೆಸರಿನ ಮುಂದೆ ಎರಡು ಸಾಲು ತುಂಬ ಅಕ್ಷರಗಳಿದ್ದವು. ಇಷ್ಟು ವರ್ಷ ಜೀವಶಾಸ್ತ್ರ ಪಾಠ ಹೇಳಿದ ನನಗೆ ಅವುಗಳಲ್ಲಿ ಯಾವುದು ಪದವಿ, ಯಾವುದು ಬರೀ ಸದಸ್ಯತ್ವ ಎಂದು ಗೊತ್ತಾಗಲಿಲ್ಲ. ಆಮೇಲೆ ಕೇಳಿ ತಿಳಿದುಕೊಂಡೆ. ಎಂ.ಡಿ.ಯ ಮೇಲೆ ಡಿ.ಎಂ. ಅಥವಾ ಡಿಆರ್‌ಎನ್‌ಬಿ ಇದ್ದರೆ ಅದು ಮೂರು ವರ್ಷ ವಾರ್ಡಿನಲ್ಲಿದ್ದು ಪಡೆದ ಪದವಿ. ‘ಡಯಾಬಿಟಾಲಜಿಸ್ಟ್’ ಎಂಬುದು ಒಂದೇ ನಿಗದಿತ ಪದವಿಯ ಹೆಸರಲ್ಲ. ವರ್ಷಗಟ್ಟಲೆ ಅನುಭವವಿರುವ ಎಂ.ಡಿ.ಗಳೂ, ಫೆಲೋಶಿಪ್ ಮಾಡಿದವರೂ, ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೂ ಆ ಹೆಸರನ್ನು ಬಳಸುತ್ತಾರೆ. ಈ ಕೋರ್ಸುಗಳನ್ನು ಹೀಗಳೆಯುತ್ತಿಲ್ಲ, ಅವುಗಳಿಂದ ಊರೂರಿನ ವೈದ್ಯರು ಕಲಿತು ಜನಕ್ಕೆ ಒಳ್ಳೆಯದಾಗಿದೆ. ಆದರೆ ಎಲ್ಲವೂ ಒಂದೇ ಎಂದು ತಿಳಿಯಬೇಡಿ. ಇಂಗ್ಲೆಂಡಿನ ಎಂ.ಆರ್.ಸಿ.ಪಿ. ಪರೀಕ್ಷೆ ಬರೆದು ಪಡೆಯುವಂಥದ್ದು, ಎಫ್.ಆರ್.ಸಿ.ಪಿ. ಆಯ್ಕೆ ಮಾಡಿ ಕೊಡುವ ಗೌರವ. ಸಂದೇಹವಿದ್ದರೆ ಡಾಕ್ಟರನ್ನೇ ವಿನಯದಿಂದ ಕೇಳಬಹುದು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲೂ ನೋಡಬಹುದು. ನಾನು ಹೋಗಿದ್ದ ಡಾಕ್ಟರು ಕೇಳಿದ್ದಕ್ಕೆ ಬೇಸರಿಸಲಿಲ್ಲ. “ನಾನು ಎಂ.ಬಿ.ಬಿ.ಎಸ್., ಮೇಲೆ ಒಂದು ಸರ್ಟಿಫಿಕೇಟ್ ಕೋರ್ಸ್. ನಿಮ್ಮ ಸಕ್ಕರೆಗೆ ನಾನು ಸಾಕು, ಸಾಲದಾದಾಗ ನಾನೇ ಕಳಿಸುತ್ತೇನೆ” ಎಂದರು. ಇವತ್ತಿಗೂ ಅವರ ಬಳಿಗೇ ಹೋಗುತ್ತಿದ್ದೇನೆ.

ತಾಯಿಯೇ ರೋಗಿಯಾದಾಗ

ಮನೆಯಲ್ಲಿ ಕಾಯಿಲೆ ಇದ್ದ ಮಾತ್ರಕ್ಕೆ ಮಗು ಡಾಕ್ಟರಾಗಲು ತಕ್ಕದ್ದೆಂದು ಅರ್ಥವೇ? ಅಲ್ಲ. ಆದರೆ ಅದು ಸಣ್ಣ ಕಾರಣವೂ ಅಲ್ಲ. ಅಮೆರಿಕದ ಎಲಿಯಟ್ ಜಾಸ್ಲಿನ್ ಎಂಬ ವೈದ್ಯರ ಕತೆ ಇಲ್ಲಿ ನೆನಪಾಗುತ್ತದೆ. 1869ರಲ್ಲಿ ಹುಟ್ಟಿ, 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಹೊರಬಂದು, 1898ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಆರಂಭಿಸಿದವರು. ಮಧುಮೇಹದ ಪ್ರತಿಯೊಬ್ಬ ರೋಗಿಯ ವಿವರವನ್ನೂ ಒಂದು ದೊಡ್ಡ ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವರದು. ಮೊದಲ ರೋಗಿ ಅವರು ವಿದ್ಯಾರ್ಥಿಯಾಗಿದ್ದಾಗ ನೋಡಿದ ಒಬ್ಬ ಯುವತಿ. ಎಂಟನೆಯ ರೋಗಿ ಅವರ ಸ್ವಂತ ತಾಯಿ.

ಆಗ ಇನ್ಸುಲಿನ್ ಇರಲಿಲ್ಲ. ಆಹಾರದ ಪಥ್ಯವೊಂದೇ ಉಪಾಯ. ರೋಗಿಯೇ ತೂಗಿ, ಅಳೆದು, ಬರೆದಿಟ್ಟುಕೊಳ್ಳಲು ಕಲಿಯದೆ ಡಾಕ್ಟರು ಒಬ್ಬರೇ ಏನೂ ಮಾಡಲಾಗದು ಎಂಬುದು ಜಾಸ್ಲಿನ್ ಕಂಡುಕೊಂಡ ಪಾಠ. 1916ರಲ್ಲಿ ವೈದ್ಯರಿಗಾಗಿ ಮಧುಮೇಹದ ಚಿಕಿತ್ಸೆಯ ಗ್ರಂಥ ಬರೆದರು, 1918ರಲ್ಲಿ ರೋಗಿಗಳಿಗಾಗಿಯೇ ಒಂದು ಕೈಪಿಡಿ ತಂದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗ. ಅದೇ ವರ್ಷದ ಆಗಸ್ಟ್‌ನಲ್ಲಿ ಜಾಸ್ಲಿನ್ ತಮ್ಮ ರೋಗಿಯೊಬ್ಬಳಿಗೆ ಅದನ್ನು ಕೊಟ್ಟರು. ಔಷಧಿ ಬಂತು, ಇನ್ನು ಕಲಿಸುವುದು ಬೇಡ ಎಂದು ಅವರು ಕೈಬಿಡಲಿಲ್ಲ. ಚುಚ್ಚುವುದು, ಅಳೆಯುವುದು, ಕಾಲು ನೋಡಿಕೊಳ್ಳುವುದು, ಇವನ್ನೆಲ್ಲ ಕಲಿಸಲು ನರ್ಸ್‌ಗಳನ್ನು ತಯಾರು ಮಾಡಿದರು. 1962ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಪಕ್ಕದಲ್ಲೂ ಇಂಥ ಆರಂಭವಿದೆ. 1948ರಲ್ಲಿ ಮದರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಅವರು ಮಧುಮೇಹಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ತೆರೆದರು. ಸರ್ಕಾರಿ ಆಸ್ಪತ್ರೆಯಲ್ಲಿ ಅಂಥದ್ದು ಆಗ ಹೊಸದು.

ಈ ಕತೆ ಹೇಳಲು ಕಾರಣವಿದೆ. ಈ ವೃತ್ತಿಯಲ್ಲಿ ಶಸ್ತ್ರಚಿಕಿತ್ಸೆಯಿಲ್ಲ. ಒಂದು ಗಂಟೆಯಲ್ಲಿ ರೋಗ ತೆಗೆದು ಹಾಕಿ ಕೈ ತೊಳೆದುಕೊಳ್ಳುವ ಸಂತೋಷ ಅಪರೂಪ. ಒಬ್ಬನೇ ರೋಗಿ ಮೂರು ತಿಂಗಳಿಗೊಮ್ಮೆಯಂತೆ ಇಪ್ಪತ್ತು, ಮೂವತ್ತು ವರ್ಷ ಬರುತ್ತಾನೆ. ಪಥ್ಯ ಮುರಿದೆ ಎನ್ನುತ್ತಾನೆ, ಹಬ್ಬವಿತ್ತು ಎನ್ನುತ್ತಾನೆ, ಇನ್ಸುಲಿನ್‌ಗೆ ದುಡ್ಡಿರಲಿಲ್ಲ ಎನ್ನುತ್ತಾನೆ. ಗದರದೆ ಕೇಳಿಸಿಕೊಂಡು, ಅವನ ಮನೆಯ ಮುದ್ದೆ, ಅನ್ನ, ರೊಟ್ಟಿಯ ಲೆಕ್ಕದಲ್ಲೇ ದಾರಿ ಹೇಳಬೇಕು. ಕಣ್ಣು, ಮೂತ್ರಪಿಂಡ, ಪಾದ ಕೆಡದಂತೆ ಕಾಯಬೇಕು. ಸಹನೆಯಿಲ್ಲದವರು ಎಷ್ಟೇ ರ‍್ಯಾಂಕ್ ಬಂದಿದ್ದರೂ ಬೇರೆ ವಿಷಯ ಆರಿಸಿಕೊಳ್ಳುವುದು ಒಳ್ಳೆಯದು. ದಿನಕ್ಕೆ ನಾಲ್ಕು ಸಲ ತಮ್ಮನ ಅಳು, ಹಟ ಸಹಿಸಿಕೊಂಡು ಮೂರು ವರ್ಷ ಸೂಜಿ ಹಿಡಿದ ಹುಡುಗಿ ಈ ಪರೀಕ್ಷೆಯನ್ನು ಈಗಾಗಲೇ ಬರೆದಿದ್ದಾಳೆ ಎಂದೇ ನನ್ನ ಎಣಿಕೆ.

ನೀಟ್‌ನಲ್ಲಿ ಸೀಟು ಬಾರದೆ ಹೋದರೆ? ಅದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಒಂದು ವರ್ಷ ಮತ್ತೆ ಪ್ರಯತ್ನಿಸಬಹುದು, ಆದರೆ ಎಷ್ಟು ಸಲ ಎಂಬುದನ್ನು ಮನೆಯವರೆಲ್ಲ ಕೂತು ಈಗಲೇ ತೀರ್ಮಾನಿಸಿ. ಮಧುಮೇಹದ ಸೇವೆಗೆ ಡಾಕ್ಟರೇ ಆಗಬೇಕೆಂದಿಲ್ಲ. ಬಿ.ಎಸ್ಸಿ. ನರ್ಸಿಂಗ್, ಆಹಾರ ಮತ್ತು ಪೋಷಣ ವಿಜ್ಞಾನ, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನ, ಕಣ್ಣಿನ ತಪಾಸಣೆಯ ಆಪ್ಟೋಮೆಟ್ರಿ, ಇವುಗಳಿಂದ ಬಂದವರಿಲ್ಲದೆ ಯಾವ ಮಧುಮೇಹ ಕ್ಲಿನಿಕ್ಕೂ ನಡೆಯದು. ರೋಗಿಗೆ ಇನ್ಸುಲಿನ್ ಚುಚ್ಚುವುದನ್ನು ಕಲಿಸುವ ಡಯಾಬಿಟಿಸ್ ಎಜುಕೇಟರ್‌ಗಳು ಬಹುಮಟ್ಟಿಗೆ ಈ ದಾರಿಗಳಿಂದಲೇ ಬಂದವರು.

ಫೋನ್ ಇಡುವ ಮುಂಚೆ ಆ ತಂದೆ ಒಂದು ಮಾತು ಹೇಳಿದರು. ಪತ್ರದಲ್ಲಿ ಅದನ್ನು ಬರೆದಿರಲಿಲ್ಲ. “ಅವಳು ಹಾಸ್ಟೆಲಿಗೆ ಹೋದರೆ ಹುಡುಗನಿಗೆ ಚುಚ್ಚುವವರು ಯಾರು ಮೇಷ್ಟ್ರೇ? ನನ್ನ ಹೆಂಡತಿಗೆ ಸೂಜಿ ಕಂಡರೆ ಕೈ ನಡುಗುತ್ತದೆ. ನಾನು ದಿನಾ ಸೂಜಿ ಹಿಡಿಯುವವನೇ, ಆದರೆ ಮಗನ ಮೈಗೆ ಚುಚ್ಚಲು ನನ್ನಿಂದಾಗಿಲ್ಲ.”

ಅಣ್ಣಾ, ನಿಮ್ಮ ನಿಜವಾದ ಪ್ರಶ್ನೆ ಇದು ಎಂದು ನನಗನ್ನಿಸಿತು. ನಿಮ್ಮ ಮಗನಿಗೆ ಈಗ ಹನ್ನೆರಡು ವರ್ಷ. ಆ ವಯಸ್ಸಿನ ಎಷ್ಟೋ ಮಕ್ಕಳು ದೊಡ್ಡವರು ಪಕ್ಕದಲ್ಲಿದ್ದು ನೋಡಿಕೊಂಡರೆ ತಾವೇ ಚುಚ್ಚಿಕೊಳ್ಳುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಪ್ಪ, ಅಮ್ಮ, ಮಗ ಮೂವರೂ ಹೋಗಿ. ನಮಗೂ ಕಲಿಸಿ ಎಂದು ಡಾಕ್ಟರನ್ನೂ ನರ್ಸನ್ನೂ ಕೇಳಿ. ಸಕ್ಕರೆ ತೀರ ಇಳಿದು ಹುಡುಗ ಬೆವರಿ ನಡುಗಿದರೆ ಏನು ಮಾಡಬೇಕು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಮಗಳು ಹೊರಡುವುದಕ್ಕೆ ಇನ್ನೂ ತಿಂಗಳುಗಳಿವೆ, ಅಷ್ಟರಲ್ಲಿ ಇದು ಆಗುವ ಕೆಲಸ.

ಮತ್ತೆ ನಿನಗೊಂದು ಮಾತು, ಮಗಳೇ. ಈ ಪುಟವನ್ನು ಅಪ್ಪ ನಿನಗೆ ತೋರಿಸಿಯೇ ತೋರಿಸುತ್ತಾರೆ. ಭೌತಶಾಸ್ತ್ರಕ್ಕೆ ಹೆಚ್ಚು ಸಮಯ ಕೊಡು, ಜೀವಶಾಸ್ತ್ರ ಇಷ್ಟಪಡುವ ಮಕ್ಕಳು ಸೋಲುವುದು ಅಲ್ಲೇ. ದಿನದ ನಾಲ್ಕು ಸೂಜಿಯಲ್ಲಿ ಒಂದನ್ನು ಈ ವಾರದಿಂದ ತಮ್ಮನ ಕೈಗೆ ಕೊಡು. ಔಷಧಿಯ ಅಳತೆಯನ್ನು ನೀನೇ ನೋಡು, ಪಕ್ಕದಲ್ಲೇ ಕುಳಿತಿರು, ಆದರೆ ಚುಚ್ಚುವುದು ಅವನೇ ಆಗಲಿ. ಅವನು ಮೊದಲ ದಿನ ಅತ್ತರೆ ಗಾಬರಿಯಾಗಬೇಡ. ಮುಂದೆ ನೀನು ಮಾಡಬೇಕೆಂದಿರುವ ಕೆಲಸದಲ್ಲಿ ಅರ್ಧ ಭಾಗ ಇದೇ.